ಭೀಮಣ್ಣನ ರುಮಾಲಿನ ದಿಗ್ವಿಜಯ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಸಾಯಣ್ಣ ಗೊತ್ತಿಲ್ಲದವರು ಇಲ್ಲ. ಹೊಸದಾಗಿ ಬಂದ ಬಾಡಿಗೆದಾರರು ಒಬ್ಬಿಬ್ಬರು ಇದ್ದಾರು. ಅವರ ಅಜ್ಞಾನವನ್ನು ಸಾಯಣ್ಣ ತಾನೇ ಹೋಗಿ ನಿವಾರಿಸುತ್ತಾನೆ. ಎಪ್ಪತ್ತು ದಾಟಿದ ವಯಸ್ಸು, ತೆಳ್ಳನೆಯ ಮೈ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಕೂತು ಮುಂದಕ್ಕೆ ಬಾಗಿದ ಬೆನ್ನು. ಅವನು ನೇಯ್ದ ಚೌಕಳಿ ಸೀರೆಗಳಲ್ಲಿ ವ್ಯಾಪಾರಿಗಳು ತಪ್ಪು ಹುಡುಕುವುದಿಲ್ಲ, ಹಾಗೆಂದು ಹೊಗಳುವುದೂ ಇಲ್ಲ. ಕೈಕಾಲು ನೇಯುತ್ತಿರುವಾಗ ಬಾಯಿ ಬಿಡುವಾಗಿರುತ್ತದೆ ಎಂಬುದು ಈ ಕಸುಬಿನ ಒಂದು ಸೌಕರ್ಯ. ಅದನ್ನು ಸಾಯಣ್ಣನಷ್ಟು ಬಳಸಿಕೊಂಡ ನೇಕಾರ ಆ ಸೀಮೆಯಲ್ಲಿ ಮತ್ತೊಬ್ಬನಿಲ್ಲ.

ಮಾತಿಗೆ ವಿಷಯ ಬೇಕಲ್ಲ. ಅದನ್ನು ಅವನ ತಂದೆ ಭೀಮಣ್ಣ ಒದಗಿಸಿಟ್ಟು ಹೋಗಿದ್ದ. ತಗಡಿನ ಪೆಟ್ಟಿಗೆಯೊಳಗೆ, ನುಸಿಗುಳಿಗೆಯ ವಾಸನೆಯ ನಡುವೆ, ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಅದು ಮಲಗಿತ್ತು. ಓಣಿಯವರು ಅದನ್ನು ಭೀಮಣ್ಣನ ರುಮಾಲು ಎನ್ನುತ್ತಿದ್ದರು.

ರುಮಾಲು ಎಂದರೆ ಜರಿಯ ರುಮಾಲನ್ನು ಊಹಿಸಿಕೊಳ್ಳಬಾರದು. ಅಗಲ ಒಂದು ಗೇಣು, ಉದ್ದ ಎರಡು ಮೊಳ, ಬಣ್ಣ ಗೋಣಿಚೀಲದ್ದು. ಎರಡೂ ಬದಿಗೆ ಕೆಂಪು ಅಂಚು. ಒಂದು ತುದಿಗೆ ಕೆಂಪು ಸೆರಗು, ಸೆರಗಿನ ಮೇಲೆ ಸಾಲಾಗಿ ಸಣ್ಣ ಗೋಪುರಗಳು. ಇನ್ನೊಂದು ತುದಿಗೆ ಹೊಲಿದ ಉದ್ದನೆಯ ದಾರ. ತಲೆಗೆ ಸುತ್ತಿದರೆ ಒಂದು ಸುತ್ತು ಬರುತ್ತಿತ್ತು, ಎರಡನೆಯದಕ್ಕೆ ಸಾಲುತ್ತಿರಲಿಲ್ಲ. ಯುದ್ಧಕಾಲದಲ್ಲಿ ಬಟ್ಟೆಗೆ ಬರ ಇತ್ತು ಎಂದು ಸಾಯಣ್ಣ ವಿವರಿಸುತ್ತಿದ್ದ.

ಅವನ ವಿವರಣೆಗಳು ಕಾಲಕ್ಕೆ ತಕ್ಕಂತೆ ಬೆಳೆದಿದ್ದವು. ಅವನು ಹುಡುಗನಾಗಿದ್ದಾಗ ಹೇಳುತ್ತಿದ್ದ ಪ್ರಕಾರ ಆ ರುಮಾಲನ್ನು ಅಪ್ಪನಿಗೆ ಒಬ್ಬ ಹವಾಲ್ದಾರ ಕೊಟ್ಟಿದ್ದ. ಸಾಯಣ್ಣನ ಮದುವೆಯ ಹೊತ್ತಿಗೆ ಹವಾಲ್ದಾರ ಕರ್ನಲ್ ಆಗಿದ್ದ. ಮಗ ಸಾಯಿನಾಥ ಹುಟ್ಟಿದ ಮೇಲೆ ಕರ್ನಲ್‌ನನ್ನು ಪಕ್ಕಕ್ಕೆ ಸರಿಸಿ ಜಪಾನಿನ ದೊರೆಯೇ ಮುಂದೆ ಬಂದು, ಬಿಡುಗಡೆಯ ದಿನ ಭೀಮಣ್ಣನ ಶೌರ್ಯಕ್ಕೆ ಮೆಚ್ಚಿ ಸ್ವಹಸ್ತದಿಂದ ಸುತ್ತಿದ. ಜಪಾನಿನ ದೊರೆಗೆ ನಮ್ಮ ಕಡೆಯ ಗೋಪುರದ ಸೆರಗು ಎಲ್ಲಿ ಸಿಕ್ಕಿತು ಎಂದು ಯಾರೋ ಕೇಳಿದಾಗ, ದೊರೆಗಳಿಗೆ ಏನು ತಾನೇ ಸಿಗುವುದಿಲ್ಲ ಎಂದು ಸಾಯಣ್ಣ ಲಾಳಿ ಎಸೆದ.

ಭೀಮಣ್ಣನ ಚರಿತ್ರೆಯಲ್ಲಿ ಎಲ್ಲರೂ ಒಪ್ಪುವ ಭಾಗ ಸಣ್ಣದು. ಎರಡನೇ ಮಹಾಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗ ನಿಂತಾಗ ಅವನು ಹೈದರಾಬಾದಿಗೆ ಹೋಗಿ ನಿಜಾಮರ ಫೌಜು ಸೇರಿದ. ಫೌಜು ಅವನನ್ನು ಮಲಯಕ್ಕೆ ಕಳಿಸಿತು. ಅವನಿಗೆ ಬಂದೂಕಿನ ಯಾವ ತುದಿ ಮುಂದಿರಬೇಕು ಎಂಬುದು ಖಚಿತವಾಗುವಷ್ಟರಲ್ಲಿ ಅವನ ಕಡೆಯವರು ಸೋತರು. ಜಪಾನಿನವರು ಸೆರೆ ಹಿಡಿದು, ಹಡಗಿನಲ್ಲಿ ತುಂಬಿ, ಹೆಸರು ಹೇಳಲು ಬಾರದ ದ್ವೀಪವೊಂದಕ್ಕೆ ಒಯ್ದು, ವಿಮಾನ ಇಳಿಯುವ ಬಯಲು ಸಮ ಮಾಡಲು, ಅಕ್ಕಿ ಮೂಟೆ ಹೊರಲು ಹಚ್ಚಿದರು. ಯುದ್ಧ ಮುಗಿದ ಮೇಲೆ ಭೀಮಣ್ಣ ಊರಿಗೆ ಬಂದ. ಹೋಗುವಾಗ ಇದ್ದ ಮೈಯಲ್ಲಿ ಅರ್ಧ ಮಾತ್ರ ಬಂದಿತ್ತು. ಕೈಯಲ್ಲೊಂದು ಗಂಟು; ಗಂಟಿನಲ್ಲಿ ಈ ಬಟ್ಟೆ.

ಅದನ್ನು ರುಮಾಲು ಎಂದು ಘೋಷಿಸಿದವನು ಭೀಮಣ್ಣನಲ್ಲ, ಅವನ ದೊಡ್ಡಪ್ಪ. ಆತ ತಹಸೀಲ್ ಕಚೇರಿಯಲ್ಲಿ ಜವಾನನಾಗಿದ್ದು, ದೊಡ್ಡ ದೊಡ್ಡ ತಲೆಗಳ ಮೇಲಿನ ರುಮಾಲುಗಳನ್ನು ಹತ್ತಿರದಿಂದ ಬಲ್ಲವನು. ಗಂಟು ಬಿಚ್ಚಿ, ಬಟ್ಟೆ ಹರವಿ, ಸೆರಗಿನ ಮೇಲೆ ಕೈಯಾಡಿಸಿ, ಇದು ರುಮಾಲು ಅಂದ. ದಾರ ಯಾಕೆ ಎಂದು ಕೇಳಿದವರಿಗೆ, ಕುದುರೆಯ ಮೇಲೆ ಹೋಗುವಾಗ ಗಾಳಿಗೆ ಹಾರದ ಹಾಗೆ ಗದ್ದದ ಕೆಳಗೆ ಕಟ್ಟಿಕೊಳ್ಳಲು ಎಂದ. ಭೀಮಣ್ಣ ಬಾಯಿ ತೆರೆದ. ದೊಡ್ಡಪ್ಪ ಮಾತಾಡುತ್ತಿದ್ದಾಗ ನಡುವೆ ಬಾಯಿ ಹಾಕುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮುಚ್ಚಿದ.

ಬಟ್ಟೆಯನ್ನೇ ಉಸಿರಾಡುವ ಓಣಿಗೆ ಅದು ರುಮಾಲು ಹೌದೋ ಅಲ್ಲವೋ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬೇರೆ ಊರಾಗಿದ್ದರೆ ಕ್ಷಣದಲ್ಲಿ ತಿಳಿಯುತ್ತಿತ್ತು. ಇದು ನೇಕಾರರ ಓಣಿ. ಇಲ್ಲಿ ಬಟ್ಟೆಯನ್ನು ನೋಡುವುದೇ ಸೆರಗಿನಿಂದ. ಸೆರಗು ಹಾಕುವುದು ತೋರಿಸುವ ಬಟ್ಟೆಗೆ. ಮುಚ್ಚಿಡುವ ಬಟ್ಟೆಗೆ ಯಾರೂ ಸೆರಗು ನೇಯುವುದಿಲ್ಲ, ಅದರ ಮೇಲೆ ಗೋಪುರಗಳನ್ನಂತೂ ಎಬ್ಬಿಸುವುದೇ ಇಲ್ಲ. ಸೆರಗಿದೆ ಎಂದ ಮೇಲೆ ಅದು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕಾದದ್ದು. ಮನುಷ್ಯನಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಜಾಗ ತಲೆ. ಓಣಿ ಈ ತರ್ಕವನ್ನು ಒಮ್ಮತದಿಂದ ಒಪ್ಪಿಕೊಂಡಿತು.

ಮುಂದಿನದು ದಿಗ್ವಿಜಯ. ಸಾಯಣ್ಣನ ಮದುವೆಯಲ್ಲಿ ಹಿರಿಯರು ಪೆಟ್ಟಿಗೆಯಿಂದ ರುಮಾಲು ತೆಗೆಸಿ ಅವನ ತಲೆಗೆ ಸುತ್ತಿದರು, ದಾರವನ್ನು ಗದ್ದದ ಕೆಳಗೆ ಬಿಗಿದರು. ಭೀಮಣ್ಣ ಮತ್ತೊಮ್ಮೆ ಬಾಯಿ ತೆರೆದು ಮತ್ತೊಮ್ಮೆ ಮುಚ್ಚಿ, ಹೊರಗೆ ಹೋಗಿ ಬೀಡಿ ಹಚ್ಚಿದ. ಆಮೇಲೆ ಚಿಕ್ಕಪ್ಪಂದಿರ ಮಕ್ಕಳು ಸುತ್ತಿಕೊಂಡರು, ಎದುರು ಮನೆಯವರು ಎರವಲು ಒಯ್ದರು, ಸಾಯಿನಾಥ ಸುತ್ತಿಕೊಂಡ. ಓಣಿಯ ಅರ್ಧಕ್ಕರ್ಧ ಗಂಡಂದಿರು ಆ ರುಮಾಲಿನ ಅಡಿಯಲ್ಲಿ ಗೃಹಸ್ಥಾಶ್ರಮ ಪ್ರವೇಶಿಸಿದರು. ಅದನ್ನು ಕಟ್ಟಿಕೊಂಡವರ ಸಂಸಾರ ಕೆಡುವುದಿಲ್ಲ ಎಂಬ ಪ್ರತೀತಿ ಹುಟ್ಟಿತು. ಒಂದೆರಡು ಕೆಟ್ಟಿದ್ದವು. ಅವರು ದಾರ ಸಡಿಲ ಕಟ್ಟಿದ್ದರು ಎಂದು ಸಾಯಣ್ಣ ತೀರ್ಪು ಕೊಟ್ಟ.

ಹೀಗಿರುವಾಗ ಸಾಯಿನಾಥನ ಮಗಳು ನವನೀತಾಗೆ ಗದ್ವಾಲದ ಸಂಬಂಧ ಕುದುರಿತು. ಹುಡುಗ ಸುನಿಲ, ಅವನ ತಾತ ಕರಿಬಸಯ್ಯ ಗದ್ವಾಲದ ಹಳೆಯ ನೇಕಾರ. ಇಲ್ಲಿ ಒಂದು ರಾಜಕೀಯ ತಿಳಿದಿರಬೇಕು. ಗದ್ವಾಲ ಸೀರೆಯವರು ನಾರಾಯಣಪೇಟೆ ಸೀರೆಯವರನ್ನು ಗೌರವದಿಂದಲೇ ಕಾಣುತ್ತಾರೆ, ಆದರೆ ಸ್ವಲ್ಪ ಎತ್ತರದಲ್ಲಿ ನಿಂತು ಕಾಣುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೊಕ್ಕೆ ಹಾಕಿ ಕೂಡಿಸುವ ವಿದ್ಯೆ ತಮ್ಮದು ಎಂಬುದು ಅವರ ಹೆಮ್ಮೆ. ಅಂಥ ಊರಿನ ಕರಿಬಸಯ್ಯ ನಿಶ್ಚಿತಾರ್ಥದ ದಿನ ಎಲ್ಲರೆದುರು ಕೈಮುಗಿದು, ವರೋಪಚಾರ ಏನೂ ಬೇಡ, ಒಂದು ಆಸೆ ಇದೆ ಅಂದ.

"ನಮ್ಮ ಹುಡುಗನ ತಲಿಗೆ ನಿಮ್ಮ ತಂದಿಯವರ ರುಮಾಲು ಕಟ್ಟಬೇಕ್ರಿ, ಬೀಗ್ರೇ. ಬಾಳ ಕೇಳೀನಿ ಅದರ ಹೆಸರು."

ಗದ್ವಾಲ ನಾರಾಯಣಪೇಟೆಯಲ್ಲಿ ಕೈಮುಗಿದು ನಿಂತಿದೆ. ಸಾಯಣ್ಣ ಕೂಡಲೇ ಹೂಂ ಅನ್ನಲಿಲ್ಲ. ತುಸು ಯೋಚಿಸಿದ ಹಾಗೆ ಮಾಡಿ, ಮೀಸೆ ಸವರಿ, "ನೋಡೋಣು ತಗೋರಿ. ನೀವು ಕೇಳಿದ ಮ್ಯಾಲ ಇಲ್ಲ ಅನ್ನಾಕ ಆಗ್ತದೇನು" ಎಂದ. ಆ ರಾತ್ರಿ ಅವನು ಊಟ ಕಡಿಮೆ ಮಾಡಿದ, ಹೊಟ್ಟೆ ತುಂಬಿತ್ತು.

ಮದುವೆಗೆ ಇನ್ನೂ ಕೆಲವು ವಾರ ಇದ್ದಾಗ ಅಂಜನಕುಮಾರ್ ಬಂದ. ಮೂಲ ಮಕ್ತಲ್‌ನವನು, ಹೈದರಾಬಾದಿನಲ್ಲಿ ಒಂದು ಸಂಸ್ಥೆಯ ಕೆಲಸ. ಯುದ್ಧಕಾಲದ ಕೂಲಿ ಶಿಬಿರಗಳಲ್ಲಿ ಸೆರೆಯಾಳುಗಳು ತಮಗಾಗಿ ಮಾಡಿಕೊಂಡ ಸಾಮಾನುಗಳ ಪ್ರದರ್ಶನ ಮಾಡಬೇಕೆಂದು ಊರೂರು ತಿರುಗುತ್ತಿದ್ದ. ಮೊಬೈಲಿನಲ್ಲಿ ಒಂದೊಂದೇ ಫೋಟೊ ತೋರಿಸಿದ. ಬಿದ್ದ ವಿಮಾನದ ತಗಡಿನಿಂದ ಮಾಡಿದ ಬಾಚಣಿಗೆ. ತೆಂಗಿನ ಚಿಪ್ಪಿನ ಬಟ್ಟಲು. ಟಯರು ಕತ್ತರಿಸಿ ಮಾಡಿದ ಮೆಟ್ಟು. ಹಿಡಿಕೆಯ ಮೇಲೆ ಹೆಂಡತಿಯ ಹೆಸರು ಕೊರೆದ ಚಮಚ.

ಸಾಯಣ್ಣನಿಗೆ ಕನಿಕರ ಬಂತು. "ಚಮಚಾ ಮಾಡಿಕೊಂಡು ಕುಂತಿದ್ರೇನ್ ಪಾಪ. ನಮ್ಮಪ್ಪ ಹಂಗಲ್ಲ. ಸುಗುಣಾ, ಪೆಟ್ಟಿಗಿ ತಗದುಕೊಂಡು ಬಾ."

ಹೆಂಡತಿ ಸುಗುಣಮ್ಮ ಪೆಟ್ಟಿಗೆ ತಂದಿಟ್ಟಳು. ಸಾಯಣ್ಣ ಜಪಾನಿನ ದೊರೆಯಿಂದಲೇ ಆರಂಭಿಸಿದ. ಅಂಜನಕುಮಾರ್ ಕೇಳುತ್ತ ಕೇಳುತ್ತ ಬಟ್ಟೆಯನ್ನು ಮೊಣಕಾಲಿನ ಮೇಲೆ ಹರವಿದ, ಸೆರಗು ನೋಡಿದ, ತಿರುಗಿಸಿ ದಾರ ನೋಡಿದ, ದಾರವನ್ನು ಬೆರಳಿಗೆ ಸುತ್ತಿಕೊಂಡ. ದೊರೆ ಸಿಂಹಾಸನದಿಂದ ಇಳಿಯುವ ಜಾಗಕ್ಕೆ ಕಥೆ ಬಂದಾಗ ಮೆಲ್ಲನೆ ಕೇಳಿದ.

"ಕಾಕಾ, ಇದನ್ನ ಎಲ್ಲಾರೂ ತಲಿಗೇ ಕಟ್ಟಿಕೊಂಡಾರೇನ್ರಿ?"

"ಮತ್ತ? ಈ ಓಣ್ಯಾಗ ಕೇಳು. ನಾನು ಕಟ್ಟೀನಿ, ನನ್ನ ಮಗ ಕಟ್ಟ್ಯಾನ. ಮುಂದಿನ ತಿಂಗಳ ಗದ್ವಾಲದವ್ರು ಕಟ್ಟಿಕೊಳ್ಳಾಕ ಬರಾಕತ್ಯಾರ."

ಅಂಜನಕುಮಾರ್ ಮೊಬೈಲಿನಲ್ಲಿ ಇನ್ನೊಂದು ಫೋಟೊ ಹುಡುಕಿ ಮುಂದೆ ಹಿಡಿದ. ಬಯಲಲ್ಲಿ ಒಂದು ಸಾಲು ಜನ, ಎಲುಬಿನ ಗೂಡುಗಳು. ಮೈಮೇಲೆ ಬೇರೇನೂ ಇಲ್ಲ. ಸೊಂಟಕ್ಕೆ ಒಂದು ದಾರ, ಕಾಲ ನಡುವಿಂದ ಹಾಯ್ದು ಮುಂದೆ ದಾರದ ಮೇಲಿಂದ ಇಳಿಬಿದ್ದ ಗೇಣಗಲದ ಪಟ್ಟಿ. ಎಲ್ಲರದೂ ಒಂದೇ ಅಳತೆ. ಸಾಯಣ್ಣ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಇವ್ರೆಲ್ಲಾ ರುಮಾಲು ಸೊಂಟಕ್ಕ ಯಾಕ ಕಟ್ಟ್ಯಾರ?"

"ಅದು ರುಮಾಲಲ್ರಿ, ಕಾಕಾ."

ಬಾಗಿಲಲ್ಲಿ ನಿಂತಿದ್ದ ಸುಗುಣಮ್ಮ ಬಗ್ಗಿ ಫೋಟೊ ನೋಡಿದಳು. ಆಮೇಲೆ ಗಂಡನ ತಲೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ಒಳಗೆ ಯಾವುದೋ ಪಾತ್ರೆ ಬಿತ್ತು.

ಸಾಯಣ್ಣನ ತಾಯಿ ಅನಂತಮ್ಮ ತೊಂಬತ್ತು ದಾಟಿದವಳು. ಹಿತ್ತಲ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುವುದು ಅವಳ ದಿನಚರಿ. ಕಿವಿ ಅವಳಿಗೆ ಬೇಕಾದಾಗ ಕೇಳುತ್ತದೆ. ಸಾಯಣ್ಣ ಹೋಗಿ ಎದುರು ಕೂತ.

"ಅವ್ವಾ. ಅಪ್ಪನ ರುಮಾಲು ಐತಲ್ಲ, ಅದು ಖರೇ ಏನು?"

"ಲಂಗೋಟಿ." ಅಡಿಗೆಗೆ ಯಾವ ಬೇಳೆ ಹಾಕಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿ ಅನಂತಮ್ಮ ರಾಟೆ ತಿರುಗಿಸಿದಳು.

"ನಿನಗ ಗೊತ್ತಿತ್ತಾ?"

"ನಾನ ಒಗದು ಒಣಾಕಿದ್ದು. ಗೊತ್ತಿರಲ್ದ ಏನು."

"ಮತ್ತ ಹೇಳಬಾರದೇನವ್ವಾ ಇಷ್ಟು ವರ್ಷ."

"ಹ್ಯಾಂಗ ಹೇಳಲಿ? ಹೊಸಾ ಸೊಸಿ ನಾನು. ದೊಡ್ಡ ಮಾವ ರುಮಾಲು ಅಂದಾನ. ಅವನ ಎದುರಿಗಿ ನಿಂತು, ಮಾವಾ ಅದು ನನ್ನ ಗಂಡನ ಲಂಗೋಟಿ ಅನ್ನಲೇನು?"

"ಅವ ಸತ್ತ ಮ್ಯಾಲರ ಹೇಳಬೇಕಿಲ್ಲ?"

"ಅವ ಸಾಯೋದ್ರಾಗ ನೀ ದೊಡ್ಡವಾಗಿದ್ದಿ. ನಿನ್ನ ಮಾತು ನಿಂತ್ರ ತಾನ ನಾ ಹೇಳೋದು."

ಅನಂತಮ್ಮ ಕಂಡಿಕೆ ಬದಲಿಸಿ, ಕೇಳದಿದ್ದರೂ ಮುಂದುವರಿಸಿದಳು. ದ್ವೀಪದಲ್ಲಿ ಸದಾ ಮಳೆಯಂತೆ. ಫೌಜಿನ ಅಂಗಿ ಚಡ್ಡಿ ಕೊಳೆತು ಉದುರಿ, ಜನ ಬತ್ತಲೆ ಮೂಟೆ ಹೊತ್ತರಂತೆ. ಭೀಮಣ್ಣ ಹರಿದ ಗೋಣಿಯ ಎಳೆ ಬಿಚ್ಚಿ, ಎರಡು ಬಿದಿರು ಕೋಲು ಸಿಗಿಸಿ, ಒಂದನ್ನು ಕಂಬಕ್ಕೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಮಗ್ಗ ಮಾಡಿದನಂತೆ. ಹರಿದ ಬಾವುಟದ ಬಟ್ಟೆ ಕೆಂಪು ಎಳೆಗೆ ಸಿಕ್ಕಿತಂತೆ. ಜೊತೆಗೊಬ್ಬ ಇದ್ದನಂತೆ, ಅಂಚು ಹಿಡಿಯಲು. ನಮ್ಮ ಈ ಕಡೆಯವನೇ, ಅವನು ತಿರುಗಿ ಬರಲಿಲ್ಲ. ಸೆರೆಯಾಳುಗಳನ್ನು ಕೂಡಿಹಾಕಿದ್ದ ಇಡೀ ಕೊಟ್ಟಿಗೆಯ ಜನಕ್ಕೆ ಇಬ್ಬರೂ ನೇಯ್ದು ಕೊಟ್ಟರಂತೆ. ಸತ್ತವನದನ್ನು ಬಿಚ್ಚಿ ಇದ್ದವನಿಗೆ ಕಟ್ಟುತ್ತಿದ್ದರಂತೆ.

"ಲಂಗೋಟಿಗಿ ಸೆರಗು ಯಾಕ ಹಾಕಿದ್ದಿ ಅಂತ ನಾನೂ ಕೇಳೀನಿ" ಎಂದಳು. "ಸೆರಗಿಲ್ಲದ ಬಟ್ಟಿ ಮಗ್ಗದಿಂದ ಕೊಯ್ಯಾಕ ಕೈ ಬರಲಿಲ್ಲ ಅಂದ. ಹುಚ್ಚ."

ಮಾರನೆಯ ದಿನದಿಂದ ಸಾಯಣ್ಣನ ತಂತ್ರಗಾರಿಕೆ ಶುರುವಾಯಿತು. ಮೊದಲ ವ್ಯೂಹ: ರುಮಾಲನ್ನು ಪ್ರದರ್ಶನಕ್ಕೆ ಕೊಟ್ಟುಬಿಡುವುದು. ಮದುವೆಯ ದಿನ ವಸ್ತುವೇ ಊರಲ್ಲಿ ಇರುವುದಿಲ್ಲ. ಸರಕಾರ ಒಯ್ದಿದೆ ಎಂದರೆ ಗದ್ವಾಲದವರ ಮುಂದೆ ಇಜ್ಜತ್ತು ಇನ್ನಷ್ಟು ಏರುತ್ತದೆ. ಅಂಜನಕುಮಾರನಿಗೆ ಫೋನು ಹಚ್ಚಿದ. ಅಂಜನಕುಮಾರನಿಗೆ ಬಹಳ ಸಂತೋಷವಾಯಿತು.

"ಕೊಡ್ರಿ ಕಾಕಾ. ಗಾಜಿನ ಪೆಟ್ಟಿಗ್ಯಾಗ ಇಡ್ತೀವಿ. ಕೆಳಗ ಬರೀತೀವಿ: ಲಂಗೋಟಿ. ನೇಯ್ದವರು ಭೀಮಣ್ಣ. ಕೊಟ್ಟವರು ಅವರ ಮಗ ಸಾಯಣ್ಣ, ನಾರಾಯಣಪೇಟೆ."

"ರುಮಾಲು ಅಂತ ಬರದ್ರ ಏನಾಗ್ತದಪ್ಪಾ?"

"ಸುಳ್ಳಾಗ್ತದ್ರಿ."

"ಬರೇ ಬಟ್ಟಿ ಅಂತ ಬರಿ."

"ಯಾವ ಬಟ್ಟಿ ಅಂತ ಕೇಳ್ತಾರ್ರಿ, ಕಾಕಾ. ಬಾಜೂಕ ಆ ಫೋಟೊನೂ ಇರ್ತದಲ್ಲ."

ಸಾಯಣ್ಣ ಫೋನು ಇಟ್ಟ. ಎರಡನೆಯ ವ್ಯೂಹ ಇಲಿಗಳದು. ಇಲಿ ಕಡಿದು ಹಾಳಾಯಿತು ಎಂದು ಬೀಗರಿಗೆ ಹೇಳಿ ಕಳಿಸುವುದು. ಸುಗುಣಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು.

"ತಗಡಿನ ಪೆಟ್ಟಿಗಿ, ಅದಕ್ಕ ಕೀಲಿ. ಕೀಲಿ ತಗದು ಒಳಗ ಹೋಗ್ಯಾವೇನು ಇಲಿ?"

ಮೂರನೆಯದಕ್ಕೆ ತಂತ್ರ ಬೇಕಿರಲಿಲ್ಲ. ಏನೂ ಹೇಳದೆ ಕಟ್ಟಿಬಿಡುವುದು. ಇಷ್ಟು ಜನ ಕಟ್ಟಿಕೊಂಡಿದ್ದಾರೆ, ಇನ್ನೊಬ್ಬ ಕಟ್ಟಿಕೊಂಡರೆ ಆಕಾಶ ಬೀಳುವುದಿಲ್ಲ. ಸಾಯಣ್ಣ ಇದಕ್ಕೆ ಮನಸ್ಸು ಮಾಡಿಯೇಬಿಟ್ಟಿದ್ದ. ಸುಗುಣಮ್ಮ ಅಕ್ಕಿಯ ಮೊರ ಪಕ್ಕಕ್ಕಿಟ್ಟಳು.

"ನಿಮ್ಮ ತಲಿಗಾದ್ರ ಕಟ್ಟಿಕೋರಿ, ದಿನಾ ಕಟ್ಟಿಕೋರಿ, ನಾ ಏನೂ ಅನ್ನಂಗಿಲ್ಲ. ಇದು ನವನೀತಾನ ಗಂಡನ ತಲಿ. ಆ ಹೈದರಾಬಾದಿನ ಹುಡುಗ ಇವತ್ತಲ್ಲ ನಾಳಿ ಆ ಫೋಟೊ ಎಲ್ಲ್ಯಾರ ಹಾಕ್ತಾನ. ಗದ್ವಾಲದಾಗ ಒಬ್ಬ ನೋಡಿದ್ರ ಸಾಕು. ಗೊತ್ತಿದ್ದೂ ನಮ್ಮ ಹುಡುಗನ ತಲಿಗೆ ಲಂಗೋಟಿ ಕಟ್ಟಿಸಿದ್ರು ಅಂತ ಬಾವಿಕಟ್ಟಿ ಮ್ಯಾಲ, ನಳದ ಮುಂದ, ಸಾಯೋತನಕ ಅಂತಾರ. ಕೇಳಬೇಕಾದಾಕಿ ಯಾರು? ನೀವಲ್ಲ, ಆಕಿ."

ನವನೀತಾ ಅಲ್ಲೇ ಮಗ್ಗದ ಪಕ್ಕ ಕೂತು ಮೊಬೈಲಿನಲ್ಲಿ ರವಿಕೆಯ ಕೈಯ ಡಿಸೈನು ನೋಡುತ್ತಿದ್ದಳು. ತಾತನ ಕಡೆ ನೋಡಲಿಲ್ಲ. ಅವಳು ನೋಡಿ ಏನಾದರೂ ಅಂದಿದ್ದರೆ ಸಾಯಣ್ಣ ವಾದಿಸುತ್ತಿದ್ದ.

ಮರುದಿನ ಬೆಳಿಗ್ಗೆ ನಮ್ಮ ವೀರ ಸಾಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲಂಗೋಟಿಯನ್ನು ಕ್ಯಾರಿಬ್ಯಾಗಿನಲ್ಲಿಟ್ಟುಕೊಂಡು, ಗದ್ವಾಲದ ಮೇಲೆ ದಂಡೆತ್ತಿ ಹೊರಟ. ಮಕ್ತಲ್‌ನಲ್ಲಿ ಬಸ್ಸು ಬದಲಿಸಿದ. ಅಲ್ಲಿ ಚಹಾ ಕುಡಿಯುವಾಗ ಪರಿಚಯದವರೊಬ್ಬರು ಎಲ್ಲಿಗೆ ಹೊರಟಿರಿ ಎಂದಾಗ, ಬೀಗರ ಜೊತೆ ರುಮಾಲಿನ ಬಗ್ಗೆ ಮಾತಾಡಲು ಎಂದು ಬಾಯಿ ತಪ್ಪಿ ಹಳೆಯ ಠೀವಿಯಲ್ಲೇ ಹೇಳಿದ. ಜೂರಾಲದ ಅಣೆಕಟ್ಟು ಬಂದಾಗ ಕೃಷ್ಣೆ ತುಂಬಿ ನಿಂತಿದ್ದಳು. ನದಿಗೆ ಬಿದ್ದು ಹೋಯಿತು ಎಂದರೆ ಯಾರೂ ಕೀಲಿಯ ಮಾತು ಎತ್ತುವುದಿಲ್ಲ ಎಂಬ ವಿಚಾರ ಸಾಯಣ್ಣನಿಗೆ ಹೊಳೆಯಿತು. ಕಿಟಕಿಯ ಗಾಜು ಎಳೆದ. ಅದು ಜಾಮ್ ಆಗಿತ್ತು. ಎರಡು ಕೈಯಿಂದ ಎಳೆದ. ಅಷ್ಟರಲ್ಲಿ ಅಣೆಕಟ್ಟು ಮುಗಿಯಿತು.

ಕರಿಬಸಯ್ಯ ಮಗ್ಗದಿಂದ ಎದ್ದು ಬಂದು ಕೈಹಿಡಿದು ಕೂರಿಸಿದ. ದೊಡ್ಡ ಆಳು, ಕಡಿಮೆ ಮಾತು. ಚಹಾ ಬಂತು. ಸಾಯಣ್ಣ ವಿಷಯಕ್ಕೆ ಬಂದ, ಅಂದರೆ ನಿಜಾಮರ ಫೌಜಿಗೆ ಬಂದ. ಅಲ್ಲಿಂದ ಮಲಯಕ್ಕೆ, ಮಲಯದಿಂದ ಹಡಗಿಗೆ. ಹಡಗಿನಲ್ಲಿ ಬಿರುಗಾಳಿ ಎಬ್ಬಿಸಿದ. ಅದು ಅವನ ಅಪ್ಪ ಎಂದೂ ಹೇಳಿರದ ಬಿರುಗಾಳಿ. ಚಹಾ ತಣ್ಣಗಾಯಿತು. ಕರಿಬಸಯ್ಯ ಇನ್ನೊಂದು ಚಹಾ ತರಿಸಿದ. ಅದೂ ಕೆನೆಗಟ್ಟುವ ಹೊತ್ತಿಗೆ ಹೇಳಲು ಸಮುದ್ರ ಉಳಿಯಲಿಲ್ಲ.

"ಬೀಗ್ರೇ" ಎಂದ ಸಾಯಣ್ಣ. "ಅದು ರುಮಾಲಲ್ರಿ. ನಮ್ಮಪ್ಪನ ಲಂಗೋಟಿ. ನನಗ ಮೊನ್ನಿತನಕ ಗೊತ್ತಿದ್ದಿಲ್ಲ. ಈಗ ಗೊತ್ತಾಗೇತಿ. ಗೊತ್ತಿದ್ದೂ ನಿಮ್ಮ ಹುಡುಗನ ತಲಿಗೆ ಕಟ್ಟಾಕ ಆಗಂಗಿಲ್ಲ. ಇಷ್ಟು ಹೇಳಾಕ ಬಂದೀನ್ರಿ."

ಇಡೀ ಜೀವಮಾನದಲ್ಲಿ ಸಾಯಣ್ಣ ಆ ಬಟ್ಟೆಯ ಬಗ್ಗೆ ಆಡಿದ ಅತಿ ಸಣ್ಣ ಭಾಷಣ ಅದು. ಕರಿಬಸಯ್ಯ ಕೈ ಚಾಚಿದ. ಸಾಯಣ್ಣ ಕ್ಯಾರಿಬ್ಯಾಗು ಕೊಟ್ಟ. ಕರಿಬಸಯ್ಯ ಬಟ್ಟೆ ತೆಗೆದು, ಕನ್ನಡಕ ಹಾಕಿ, ಗದ್ವಾಲದ ನೇಕಾರರು ಮಾಡುವ ಹಾಗೆ ಮೊದಲು ಹಿಂಬದಿ ತಿರುಗಿಸಿದ. ಬಾಗಿಲ ಬೆಳಕಿಗೆ ಒಯ್ದ. ಅಂಚು ಒಡಲಿಗೆ ಸೇರುವ ಜಾಗವನ್ನು ಉಗುರಿನಿಂದ ಒತ್ತಿ ಒತ್ತಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನಕ್ಕೆ ಸರಿದ.

"ಇದನ್ನ ಯಾರು ನೇಯ್ದಾರ?"

"ನಮ್ಮಪ್ಪ, ಭೀಮಣ್ಣ."

"ಒಬ್ಬನ?"

"ಜೋಡಿಗೊಬ್ಬ ಇದ್ದ ಅಂತಾಳ ನಮ್ಮವ್ವ."

"ಅವ ಗದ್ವಾಲದವ" ಎಂದ ಕರಿಬಸಯ್ಯ.

ಸಾಯಣ್ಣ ತಾನು ಕ್ಷಮೆ ಕೇಳಲು ಬಂದವನೆಂಬುದನ್ನು ಮರೆತ. "ಹ್ಯಾಂಗ ಅಂತೀರಿ ಅದನ್ನ?"

"ಕೂಡಿಕಿ ನೋಡ್ರಿ. ಅಂಚಿನ ಎಳಿ ಒಡಲಿನ ಎಳಿಗಿ ಕೊಕ್ಕಿ ಹಾಕೇತಿ. ಇದು ನಮ್ಮ ಕೈ. ನಿಮ್ಮ ಪ್ಯಾಟ್ಯಾಗ ಮಾಡಂಗಿಲ್ಲ ಇದನ್ನ."

"ಯಾಕ ಮಾಡಂಗಿಲ್ಲ? ಮನಸ್ಸು ಮಾಡಿದ್ರ ಮಾಡ್ತೀವಿ."

"ಮನಸ್ಸು ಮಾಡಿದವರ್ನ ಒಬ್ರನ್ನ ತೋರಸ್ರಿ."

"ಮಕ್ತಲ್‌ದವನೂ ಇರಬಹುದಲ್ಲ."

"ಮಕ್ತಲ್‌ದಾಗ ಯಾರು ನೇಯ್ತಾರ್ರಿ ಇದನ್ನ" ಎಂದು ಕರಿಬಸಯ್ಯ ಮಕ್ತಲ್ಲನ್ನು ಒಂದೇ ಏಟಿಗೆ ಕೆಡವಿದ. ಬಟ್ಟೆಯನ್ನು ಮತ್ತೆ ಬೆಳಕಿಗೆ ಹಿಡಿದು, ಈ ಸಲ ತನ್ನಷ್ಟಕ್ಕೆ ಅಂದ: "ಗೋಣಿ ಎಳಿಗಿ ಕೂಡಿಕಿ ಹಾಕ್ಯಾರ. ನೋಡೋರ್ಯಾರು ಅಲ್ಲಿ. ಹೊಟ್ಟಿಗಿಲ್ಲ, ಮೈಮ್ಯಾಲಿಲ್ಲ. ಬರೇ ಗಂಟು ಹಾಕಿದ್ರೂ ನಡೀತಿತ್ತು." ಅಂಚನ್ನು ಬೆರಳಿಂದ ಸವರಿ, "ಇಲ್ಲಿಂದ ಫೌಜಿಗೆ ಹೋದವರು ಬಾಳ ಮಂದಿ ಇದ್ರಂತ. ಯಾರ ಹೆಸರು ಹೇಳಲಿ."

ಒಳಗೆ ಮಗ್ಗವೊಂದು ಸದ್ದು ಮಾಡುತ್ತಿತ್ತು, ನಿಂತಿತು. ಕರಿಬಸಯ್ಯ ಬಟ್ಟೆಯನ್ನು ಮಡಚಿದ, ಆದರೆ ಹಿಂದಕ್ಕೆ ಕೊಡಲಿಲ್ಲ.

"ತಲಿಗೆ ಬ್ಯಾಡ" ಎಂದ.

"ಅದಕ್ಕ ಬಂದದ್ರೀ ನಾನು."

"ಸೊಂಟಕ್ಕ ಕಟ್ಟೋಣು. ಪಂಜಿ ಮ್ಯಾಲ, ನಡುಪಟ್ಟಿ ಹಂಗ. ಅವ್ರು ಕಟ್ಟಿದ ಜಾಗಕ್ಕ. ಆದ್ರ ಮುಚ್ಚಿಟ್ಟು ಅಲ್ಲ. ಮಂಟಪದಾಗ ಎಲ್ಲಾರ ಎದುರಿಗಿ ಇದು ಏನು ಅಂತ ಹೇಳಿ ಕಟ್ಟಬೇಕು. ಹೇಳೋದು ನೀವು."

"ನಾನಾ?"

"ಇಷ್ಟು ವರ್ಷ ಹೇಳಿದವ್ರು ನೀವ ಅಲ್ಲೇನ್ರಿ? ಮತ್ತ ಗದ್ವಾಲದವನ ಕೈ ಅದರಾಗ ಐತಿ ಅಂತನೂ ಹೇಳಬೇಕು."

ಈ ಕೊನೆಯ ಷರತ್ತಿನ ಮೇಲೆ ಸಂಧಾನ ಊಟದವರೆಗೂ ನಡೆಯಿತು. ಗದ್ವಾಲದವನು ಎಂದು ಕರಿಬಸಯ್ಯ, ಈ ಕಡೆಯವನು ಎಂದು ಸಾಯಣ್ಣ. ಕಡೆಗೆ ಈ ಕಡೆಯವನು, ಬಹುಶಃ ಗದ್ವಾಲದವನು ಎಂಬಲ್ಲಿಗೆ ಎರಡು ರಾಜ್ಯಗಳು ಗಡಿ ಹಾಕಿಕೊಂಡವು. ಬಹುಶಃ ಎಂಬ ಪದವನ್ನು ಗಟ್ಟಿಯಾಗಿ ಹೇಳಬಾರದು ಎಂದು ಕರಿಬಸಯ್ಯ ಸೇರಿಸಿದ.

ಮದುವೆ ನಾರಾಯಣಪೇಟೆಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ಸುನಿಲನ ಬಿಳಿ ಪಂಚೆಯ ಮೇಲೆ ಗೋಣಿಬಣ್ಣದ ಪಟ್ಟಿ ನೋಡಿ, ಫೋಟೊದವನು ಆ ಚಿಂದಿ ತೆಗೆಯಿರಿ ಎಂದ. ಸುನಿಲ ತಾತನ ಕಡೆ ನೋಡಿದ. ಕರಿಬಸಯ್ಯ ಸಾಯಣ್ಣನ ಕಡೆ ನೋಡಿದ. ಸಾಯಣ್ಣ ವಾದ್ಯದವರ ಪಕ್ಕ ಇದ್ದ ಮೈಕು ಕೈಗೆತ್ತಿಕೊಂಡ. ಓಣಿಯ ಜನ ಜಪಾನಿನ ದೊರೆಯ ಕಥೆ ಎಂದು ತಿಳಿದು ಕುರ್ಚಿಗಳಲ್ಲಿ ಹಿಂದಕ್ಕೆ ಒರಗಿ ಕೂತರು.

"ಎಲ್ಲಾರಿಗೂ ನಮಸ್ಕಾರ. ಇದಕ್ಕ ಇಷ್ಟು ದಿನ ರುಮಾಲು ಅಂತಿದ್ವಿ. ಇದು ರುಮಾಲಲ್ಲ. ಯಾವ ದೊರಿನೂ ಕೊಟ್ಟಿಲ್ಲ. ನಮ್ಮಪ್ಪ ಜೇಲಿನ್ಯಾಗ ಮೈಮ್ಯಾಲ ಬಟ್ಟಿ ಇಲ್ಲದ್ದಕ್ಕ ನೇಯ್ದುಕೊಂಡ ಲಂಗೋಟಿ. ಕೊಟ್ಟಿಗ್ಯಾಗ ಇದ್ದವರಿಗೆಲ್ಲಾ ಅವ್ರು ನೇಯ್ದು ಕೊಟ್ರು. ಜೋಡಿಗೊಬ್ಬ ಇದ್ದ, ಈ ಕಡಿಯಾವ. ಅವ ಬರಲಿಲ್ಲ. ಇಷ್ಟ."

ಮುಂದಿನ ಸಾಲಿನಲ್ಲಿ ಹಿರಿಯರೊಬ್ಬರು ಮೆಲ್ಲನೆ ಕೈ ಎತ್ತಿ ತಮ್ಮ ತಲೆ ಮುಟ್ಟಿಕೊಂಡರು. ಎರಡನೆಯ ಸಾಲಿನಲ್ಲಿ ಇನ್ನಿಬ್ಬರು ಮುಟ್ಟಿಕೊಂಡರು. ಹೆಂಗಸರ ಕಡೆಯಿಂದ ಒಬ್ಬೊಬ್ಬಳೇ ತನ್ನ ಗಂಡನನ್ನು ಹುಡುಕಿ ನೋಡತೊಡಗಿದಳು. ನಗು ಎಲ್ಲಿಂದ ಶುರುವಾಯಿತೋ ಹೇಳುವುದು ಕಷ್ಟ, ಅನಂತಮ್ಮನ ಕುರ್ಚಿಯ ಹತ್ತಿರದಿಂದ ಎಂದು ಕೆಲವರ ಅಭಿಪ್ರಾಯ. ಅದು ಪೂರ್ತಿ ಮಂಟಪ ಸುತ್ತಿ ಬರುವಷ್ಟರಲ್ಲಿ ಕರಿಬಸಯ್ಯ ವೇದಿಕೆ ಹತ್ತಿದ್ದ.

"ಬಹುಶಃ ಬಿಟ್ರಿ ನೀವು" ಎಂದ.

"ಗಟ್ಟಿ ಹೇಳಬ್ಯಾಡ ಅಂದ್ರಿ."

"ಗದ್ವಾಲನೂ ಬಿಟ್ರಿ. ಕೊಡ್ರಿ ಇಲ್ಲಿ ಮೈಕು."

ಸಾಯಣ್ಣ ಕೊಡಲಿಲ್ಲ. ಇಬ್ಬರು ಬೀಗರು ಒಂದೇ ಮೈಕನ್ನು ನಾಲ್ಕು ಕೈಯಲ್ಲಿ ಹಿಡಿದು ಕೂಡಿಕೆಯ ಎಳೆಗಳ ಬಗ್ಗೆ ವಾದಿಸಿದರು. ಮುಹೂರ್ತ ಮೀರುತ್ತದೆಂದು ಪುರೋಹಿತರು ಸನ್ನೆ ಮಾಡಿದಾಗ ಸೌಂಡಿನವನು ತಂತಿ ಕಿತ್ತ. ಅವರಿಬ್ಬರಿಗೂ ಅದು ತಿಳಿಯಲಿಲ್ಲ.

ನವನೀತಾ ಗದ್ವಾಲಕ್ಕೆ ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ, ನಳದ ಮುಂದೆ ಪಕ್ಕದ ಮನೆಯ ಜಮ್ಮುಲಮ್ಮ ಎಂಬ ಹೆಂಗಸು, ಮೂರು ನಾಲ್ಕು ಜನ ಕೇಳುವ ಹಾಗೆ, ಬಿಂದಿಗೆ ತುಂಬುತ್ತ ಕೇಳಿದಳು.

"ಏನವ್ವಾ, ಗಂಡಗ ಲಂಗೋಟಿ ಕಟ್ಟಿಸಿಕೊಂಡು ಬಂದಾಕಿ ನೀನ ಏನು?"

"ಹೌದ್ರೀ" ಎಂದಳು ನವನೀತಾ. "ಒಡಲು ನಮ್ಮವರದು. ಅಂಚು ನಿಮ್ಮವರದಂತ್ರೀ."

ಜಮ್ಮುಲಮ್ಮ ಇದನ್ನು ಸ್ವಲ್ಪ ಯೋಚಿಸಿದಳು. ಅವಳೂ ನೇಕಾರರ ಮನೆಯವಳು. ಬಿಂದಿಗೆ ತುಂಬಿ ಹರಿಯುತ್ತಿತ್ತು.

"ಅಂಚು ಹಾಕಿದಾವ ಯಾವ ಮನೀಯವನು ಅಂತ ತಿಳೀತೇನು?" ಎಂದು ಕೇಳಿದಳು.